ಚೆಕ್ಕುಬಂದಿ

ವಿರಾಜಪೇಟೆಯ ಸಬ್‌ರಿಜಿಸ್ಟ್ರಾರ್ ಆಫೀಸಿನೆದುರು
ನಲವತ್ತೊಂದು ವರ್ಷ ಪತ್ರ ಬರೆದವನು ನಾನು.
ಕ್ರಯ, ದಾನ, ಪಾಲುಪಟ್ಟಿ, ಮರಣಶಾಸನ,
ಜಮ್ಮಾ ಬಾಣೆಯ ಬಿಡಿಸಲಾರದ ಗಂಟು.
ಸಂಗೀತದ ಒಂದಕ್ಷರ ಬಾರದು. ಆದರೂ
ಬೆಳ್ಯಪ್ಪನವರ ಇಪ್ಪತ್ತೊಂಬತ್ತು ಕೃತಿಗಳ ಶುದ್ಧಪ್ರತಿ
ಇರುವುದು ನನ್ನ ಕೈಬರಹದಲ್ಲಿ.

ಒಂದು ಶುಕ್ರವಾರ ನಮಾಜು ಮುಗಿಸಿ ಬರುತ್ತೇನೆ,
ಡೆಸ್ಕಿನ ಮೇಲೆ ಐದೈದು ಗೆರೆ ಎಳೆದ ಹಾಳೆ.
ಗೆರೆಯ ಮೇಲೂ ಸಂದಿಯಲ್ಲೂ
ಕಣದಲ್ಲಿ ಒಣಗಲಿಟ್ಟ ಕರಿಮೆಣಸನ್ನು ಕೋಳಿ ಕೆದರಿದ ಹಾಗೆ.
"ಮೊಯ್ದೂ, ಬಾರಿಸುವಾಗ ನಡುಗದ ಕೈ
ಬರೆಯುವಾಗ ನಡುಗುತ್ತದೆ.
ಇದ್ದದ್ದು ಇದ್ದ ಹಾಗೆ ಇಳಿಸು.
ಪುಟಕ್ಕೆ ನಿನ್ನ ದರ ಏನೋ ಅದೇ."

ಪಲ್ಟನಿನ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿದವರು.
ರಜೆಯಲ್ಲಿ ಬಂದು ಹಾಕಿ ಆಡಲಿಳಿದ ದಿನ
ಪೆನಾಲ್ಟಿ ಕಾರ್ನರಿನ ಚೆಂಡು
ಮುಂದಿನ ಮೂರು ಹಲ್ಲನ್ನೂ ಕ್ಲಾರಿನೆಟ್ಟನ್ನೂ
ಒಟ್ಟಿಗೇ ಕೊಂಡುಹೋಯಿತು.
"ಗೋಲಾಯಿತೇ?" ಎಂದೆ.
"ಎಲ್ಲಿ! ತಡೆದೆನಲ್ಲ."

ಗಿಟಾರ್ ಬಂದದ್ದು ಹರಾಜಿನಲ್ಲಿ,
ಕೈಬದಲಾದ ತೋಟವೊಂದರ ಮುರುಕು ಕುರ್ಚಿಯ ಜೊತೆ.
ಚರಾಸ್ತಿ ಪಟ್ಟಿಯಲ್ಲಿ
"ವಾದ್ಯ ಒಂದು, ತಂತಿ ನಾಲ್ಕು" ಎಂದು ಬರೆದವನೂ ನಾನೇ.
ಉಳಿದೆರಡಕ್ಕೆ ಮಂಗಳೂರಿನ ಪಾರ್ಸೆಲ್ ಬರುವ ತನಕ
ವಾಲ್ನೂರಿನಲ್ಲಿ ಗಾಳ ಹಾಕುವವರ ನೈಲಾನ್ ದಾರ.
ಪಾರ್ಸೆಲ್ ಬಂದ ಮೇಲೂ ದಾರ ಬಿಚ್ಚಲಿಲ್ಲ.
ಹೊಳೆ ಕಂಡ ದಾರ, ಎಳೆದರೆ ಎಳೆಯುತ್ತದೆ, ಅನ್ನುತ್ತಿದ್ದರು.

ಬಲಗೈಯ ಉಗುರು ಬೆಳೆಸಿದ್ದರು,
ಬೆಂಕಿಪೊಟ್ಟಣದ ಬದಿಗೆ ಉಜ್ಜಿ ನಯ ಮಾಡುತ್ತಿದ್ದರು.
ಮದುವೆಮನೆಯಲ್ಲಿ ಹೆಂಗಸರು ಸೆರಗಿನಲ್ಲೇ ನಕ್ಕರು.
ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯಲು ಕರೆದರೆ
ಉಗುರು ಮುರಿದೀತು ಅಂದರು,
ಗಡಿಯಲ್ಲಿ ನಿಂತು ಬಂದ ಮನುಷ್ಯ!

ಕೃತಿಗಳ ಹೆಸರು ಮಾತ್ರ ನಾನು ಓದಬಲ್ಲೆ.
ಮಾಕುಟ್ಟದ ಇಳಿಜಾರು.
ಪೂವವ್ವ ಕೂದಲು ಒಣಗಿಸುವಾಗ.
ಹಲ್ಲಿಲ್ಲದವನ ಕುಣಿತ: ಇದರಲ್ಲಿ ಒಂದೆಡೆ
ತಂತಿ ಬಿಟ್ಟು ಮರದ ಮೈಯನ್ನೇ ಬೆರಳಲ್ಲಿ ತಟ್ಟಬೇಕು,
ದುಡಿ ದೂರದ ಮನೆಯಿಂದ ಕೇಳಿದಷ್ಟು, ಹೆಚ್ಚಲ್ಲ.
ಹನ್ನೆರಡನೆಯದಕ್ಕೆ ಹೆಸರಿಲ್ಲ.
ಅಭ್ಯಾಸಬಲ, ಕೇಳಿಬಿಟ್ಟೆ:
"ಇದರ ಚೆಕ್ಕುಬಂದಿ?"
ಅವರು ನಗಲಿಲ್ಲ. ಕಣ್ಣುಮುಚ್ಚಿ ಹೇಳಿದರು:
"ಮೂಡಕ್ಕೆ ಪೂವವ್ವನ ಒರಳು.
ಪಡುವಕ್ಕೆ ಪಕ್ಕದವರ ಪಲ್ಪರ್.
ತೆಂಕಕ್ಕೆ ದನ, ಹಟ್ಟಿಗೆ ಹೊಡೆಯುವವನ ಬೈಗುಳ ಸಮೇತ.
ಬಡಗಕ್ಕೆ..." ಬಹಳ ಹೊತ್ತು ಕೂತೆವು.
"ಬಡಗಕ್ಕೆ ಖಾಲಿ ಅಂತ ಬರೆ."

ಹದಿನೇಳನೆಯದನ್ನು ಇಳಿಸುವಾಗ
ಪೆನ್ನಿನಿಂದ ಒಂದು ಹನಿ ಬಿತ್ತು,
ಮೂರನೆಯ ಗೆರೆಯ ಮೇಲೆ, ದುಂಡಗೆ,
ಬೇಕೆಂದೇ ಇಟ್ಟ ಹಾಗೆ.
ಬ್ಲೇಡಿನಲ್ಲಿ ಕೆರೆದು "ತಿದ್ದಿದ್ದು ಒಂದು" ಎಂದು
ಷರಾ ಬರೆಯುತ್ತೇನೆ ಅಂದೆ.
ತಡೆ ಅಂದರು. ಬಾರಿಸಿದರು. ಹುಬ್ಬು ಗಂಟಿಕ್ಕಿತು.
ಮತ್ತೆ ಬಾರಿಸಿದರು.
"ಇರಲಿ ಮೊಯ್ದೂ. ನನಗಿದು ಹೊಳೆದಿರಲಿಲ್ಲ."
ಆ ಪುಟಕ್ಕೆ ಮಾತ್ರ ನಾನು ದುಡ್ಡು ತಗೊಳ್ಳಲಿಲ್ಲ.

ಅವರು ಹೋಗಿ ಆರನೆಯ ವರ್ಷ, ಚರ್ಚ್ ಹಾಲಿನಲ್ಲಿ
ಮೈಸೂರಿನ ಹುಡುಗಿಯೊಬ್ಬಳು
ನನ್ನ ಅಕ್ಷರದ ಜೆರಾಕ್ಸ್ ಮುಂದಿಟ್ಟು ಕೂತಳು.
ಹಿಂದಿನ ಬೆಂಚಿನಲ್ಲಿ ನಾನು ಮೈಯೆಲ್ಲ ಕಿವಿ.
ಹದಿನೇಳು ಶುರುವಾಯಿತು. ಈಗ ಬಂತು, ಇನ್ನೇನು ಬಂತು,
ಯಾರೋ ಕೆಮ್ಮಿದರು.
ಆಮೇಲೆ ಚಹಾದ ಲೋಟ ಹಿಡಿದು ಕೇಳಿದೆ,
ಮೂರನೆಯ ಗೆರೆ, ದುಂಡಗೊಂದು ಇತ್ತಲ್ಲ ಮಗಳೇ,
ಅದು ಸರಿ ಕೂರುತ್ತದೆಯೇ?
ಅವಳು ಹಾಳೆ ತಿರುವಿದಳು,
ಉಗುರು ಬೆಳೆಸಿದ ಬೆರಳನ್ನು
ಗೆರೆಯಿಂದ ಗೆರೆಗೆ ಎಳೆದಳು.

"ಯಾವುದು?" ಅಂದಳು.